‘ಫುಲ್’ ಎಂಬ ಶಬ್ದ: ಅರ್ಥಭೇದ ಮತ್ತು ಪ್ರಯೋಗ

ಬೆಂಗಳೂರಿನ ಉತ್ತರಭಾಗದಲ್ಲಿ ಒಂದು ದಿನ ಸಂಚರಿಸಿದವರ ಕಿವಿಗೆ ‘ಫುಲ್’ ಎಂಬ ಇಂಗ್ಲಿಷ್ ಶಬ್ದವು ಹತ್ತಾರು ಸಲ ಬೀಳದೆ ಇರದು. ಹೆಬ್ಬಾಳದ ನಿಲ್ದಾಣದಲ್ಲಿ ‘ಬಸ್ಸು ಫುಲ್’, ಯಶವಂತಪುರದ ರೈಲುನಿಲ್ದಾಣದಲ್ಲಿ ‘ಎರಡು ಫುಲ್, ಒಂದು ಹಾಫ್’, ಆರ್.ಟಿ. ನಗರದಲ್ಲಿ ವಿದ್ಯುತ್ತು ನಿಂತರೆ ‘ಫುಲ್ ಏರಿಯಾ ಕತ್ತಲು’. ಯಲಹಂಕದ ಕಾಲೇಜು ತರುಣರಲ್ಲಿ ‘ಫುಲ್ ಖುಷಿ’. ಇದನ್ನು ಭಾಷೆಯ ಕೆಡುಕೆಂದು ಹಳಿಯುವವರುಂಟು. ಅನಿವಾರ್ಯವೆಂದು ಸುಮ್ಮನಾಗುವವರೂ ಉಂಟು. ಹಳಿಯುವುದಕ್ಕಾಗಲಿ ಒಪ್ಪುವುದಕ್ಕಾಗಲಿ ಮೊದಲು, ಈ ನಾಲ್ಕು ಪ್ರಯೋಗಗಳ ಅರ್ಥ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು.

ಶಬ್ದವೊಂದರ ಅರ್ಥವನ್ನು ಗೊತ್ತುಮಾಡಲು ಅದರ ವಿರುದ್ಧಪದವನ್ನು ಕೇಳುವುದು ಸುಲಭವಾದ ಉಪಾಯ. ಬಸ್ಸು ‘ಫುಲ್’ ಆಗಿಲ್ಲದಿದ್ದರೆ ‘ಖಾಲಿ’. ಇಲ್ಲಿ ಕನ್ನಡದ ಪದ ‘ತುಂಬು’. ‘ಫುಲ್’ ಟಿಕೆಟ್ಟಿನ ಎದುರಿಗಿರುವುದು ‘ಅರ್ಧ’. ಇಲ್ಲಿ ನಮ್ಮ ಪದ ‘ಪೂರ್ಣ’ ಅಥವಾ ‘ಪೂರ್ತಿ’. ‘ಫುಲ್ ಏರಿಯಾ’ ಎಂಬುದಕ್ಕೆ ಎದುರಾದದ್ದು ಒಂದು ಭಾಗ, ಒಂದು ಬೀದಿ. ಇಲ್ಲಿ ‘ಇಡೀ’ ಎನ್ನಬೇಕು. ‘ಇಡಿ’ಗೆ ಎದುರು ‘ಬಿಡಿ’ ಎಂಬುದು ಭಾಷೆಯಲ್ಲಿಯೇ ಸಿದ್ಧವಾಗಿದೆ. ಕನ್ನಡವು ಮೂರಾಗಿ ವಿಂಗಡಿಸಿಕೊಂಡ ಅರ್ಥಕ್ಷೇತ್ರವನ್ನು ‘ಫುಲ್’ ಒಂದೇ ಆವರಿಸಿಕೊಂಡಿದೆ. ಇವುಗಳಲ್ಲಿ ಮೂರನೆಯದು ಇಂಗ್ಲಿಷಿನ ರೂಢಿಯೂ ಅಲ್ಲ. ಅಲ್ಲಿ ‘ಹೋಲ್’ ಎಂಬ ಬೇರೆ ಶಬ್ದವಿದೆ. ನಾಲ್ಕನೆಯದಾದ ‘ಫುಲ್ ಖುಷಿ’ಗೆ ಇಂಥ ವಿರುದ್ಧಪದವೇ ಇಲ್ಲ, ಅದು ಬರಿಯ ಆಧಿಕ್ಯವಾಚಕ.

ಮೂರರಲ್ಲಿ ‘ತುಂಬು’ ಎಂಬುದು ದೇಶ್ಯ ಧಾತು. ಇಂಗ್ಲಿಷಿನ ‘ಫುಲ್’ ಗುಣವಾಚಕ, ಅದು ಸ್ಥಿತಿಯನ್ನು ಹೇಳುತ್ತದೆ. ‘ತುಂಬು’ ಕ್ರಿಯಾಪದ, ಅದು ಘಟನೆಯನ್ನು ಹೇಳುತ್ತದೆ. ಮೇಲಾಗಿ ಇದು ಅಕರ್ಮಕವೂ ಹೌದು, ಸಕರ್ಮಕವೂ ಹೌದು: ಕೊಡ ತುಂಬಿತು, ಕೊಡದಲ್ಲಿ ನೀರು ತುಂಬಿತು, ಕೊಡಕ್ಕೆ ನೀರು ತುಂಬಿದಳು. ಮಗುವಿಗೆ ಐದು ವರ್ಷ ತುಂಬುತ್ತದೆ, ಅರ್ಜಿಯನ್ನು ತುಂಬುತ್ತೇವೆ, ದಿನ ಸಮೀಪಿಸಿದವಳು ತುಂಬುಗರ್ಭಿಣಿ. ಉಂಡವನು ‘ಹೊಟ್ಟೆ ತುಂಬಿತು’ ಎನ್ನುತ್ತಾನೆಯೇ ಹೊರತು, ಇಂಗ್ಲಿಷಿನವನಂತೆ ‘ನಾನು ತುಂಬಿದ್ದೇನೆ’ ಎನ್ನುವುದಿಲ್ಲ.

ಈ ಧಾತುವಿನ ಭಾವವೂ ವಿಶಿಷ್ಟವಾದುದು. ಕೆರೆ ತುಂಬಿದರೆ ಬಾಗಿನ ಅರ್ಪಿಸುವ ನಾಡು ಇದು. ಜಕ್ಕೂರಿನ ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿಯಿಂದ ಹರಿದು ಕೆಳಗಿನ ರಾಚೇನಹಳ್ಳಿಯ ಕೆರೆಗೆ ಇಳಿಯುತ್ತದೆ. ಒಂದರ ತುಂಬುವಿಕೆ ಇನ್ನೊಂದಕ್ಕೆ ನೀರಾಗುತ್ತದೆ. ಹೊಸ ಸೊಸೆಯನ್ನು ‘ಮನೆ ತುಂಬಿಸಿಕೊಳ್ಳುತ್ತೇವೆ’. ಆದರೆ ಚಿತ್ರಮಂದಿರದ ಬಾಗಿಲಲ್ಲಿ ತೂಗುಹಾಕಿದ ‘ಹೌಸ್ ಫುಲ್’ ಎಂಬ ಫಲಕವು ಬಂದವರನ್ನು ಹಿಂದಕ್ಕೆ ಕಳುಹಿಸುತ್ತದೆ. ಎರಡರಲ್ಲಿಯೂ ಮನೆಯುಂಟು, ತುಂಬುವುದುಂಟು. ಒಂದು ಬಾ ಎನ್ನುತ್ತದೆ, ಇನ್ನೊಂದು ಹೋಗು ಎನ್ನುತ್ತದೆ. ‘ಇನ್ನು ಸ್ಥಳವಿಲ್ಲ’ ಎಂಬ ಚಿಕ್ಕ ನಿಷೇಧಕ್ಕೆ ಕನ್ನಡಿಗರು ಪರಭಾಷೆಯ ಶಬ್ದವನ್ನು ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

‘ಪೂರ್ಣ’ದ ವಿಷಯ ಬೇರೆ. ಇದು ಸಂಸ್ಕೃತದಿಂದ ಬಂದ ತತ್ಸಮ. ‘ಪೂರ್ಣಿಮಾ’ ಎಂಬುದರಿಂದ ಪ್ರಾಕೃತದ ಮೂಲಕ ‘ಪುಣ್ಣಿಮೆ’ಯೂ, ಪಕಾರವು ಹಕಾರವಾಗಿ ‘ಹುಣ್ಣಿಮೆ’ಯೂ ಬಂದಿವೆ. ವಾಚಕರಿಗೆ ಕುತೂಹಲಕರವಾದ ಸಂಗತಿಯೇನೆಂದರೆ, ‘ಫುಲ್’ ಎಂಬುದು ಇದೇ ‘ಪೂರ್ಣ’ದ ದೂರದ ದಾಯಾದಿ. ಇಂಡೋ-ಯುರೋಪಿಯನ್ ಮೂಲದ ಪಕಾರವು ಜರ್ಮಾನಿಕ್ ಭಾಷೆಗಳಲ್ಲಿ ಫಕಾರವಾಗುತ್ತದೆ. ಪಿತೃ, ಫಾದರ್ ಎಂಬ ಜೋಡಿಯಲ್ಲಿಯೂ ಇದೇ ನಿಯಮ. ಹಾಗಾದರೆ ‘ಪೂರ್ಣ’, ‘ಹುಣ್ಣಿಮೆ’, ‘ಫುಲ್’ ಒಂದೇ ಮನೆತನದ ಮೂವರು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಿಂದ ಕನ್ನಡಕ್ಕೆ ಬಂದವರು.

ಇನ್ನು ‘ಫುಲ್ ಖುಷಿ’. ಇಂದಿನ ಇಂಗ್ಲಿಷಿನಲ್ಲಿ ಸಂತೋಷವನ್ನು ಹೀಗೆ ಹೇಳುವ ವಾಡಿಕೆಯಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಫುಲ್’ ಎಂಬುದು ‘ಬಹಳ’ ಎಂಬ ಅರ್ಥದಲ್ಲಿಯೂ ಬರುತ್ತಿತ್ತು. 14ನೆಯ ಶತಮಾನದ ಚಾಸರನಲ್ಲಿ ಈ ಪ್ರಯೋಗ ಸಾಮಾನ್ಯ. ಆದರೆ ನಮ್ಮ ತರುಣರು ಚಾಸರನಿಂದ ಇದನ್ನು ಕಲಿತವರಲ್ಲ. ಕನ್ನಡದ ಜಾಡೇ ಇದನ್ನು ವಿವರಿಸಬಲ್ಲದು. ‘ಕೊಡದ ತುಂಬ ನೀರು’ ಎಂಬಲ್ಲಿ ‘ತುಂಬ’ ಇನ್ನೂ ತುಂಬುವುದನ್ನೇ ಹೇಳುತ್ತದೆ. ‘ತುಂಬ ನೀರು’ ಎಂದಾಗ ಪರಿಮಾಣವನ್ನು. ‘ತುಂಬ ಒಳ್ಳೆಯವನು’ ಎಂದಾಗ ಕೇವಲ ಆಧಿಕ್ಯವನ್ನು. ಇದಕ್ಕೂ ಹಿಂದೆ ಹಳಗನ್ನಡದಲ್ಲಿ ‘ನೆಱೆ’ ಎಂಬ ಧಾತುವಿತ್ತು. ಅದಕ್ಕೆ ತುಂಬು, ಪೂರ್ಣವಾಗು ಎಂದು ಅರ್ಥ. ಅವ್ಯಯವಾಗಿ ನಿಂತಾಗ ‘ಚೆನ್ನಾಗಿ, ಬಹಳವಾಗಿ’ ಎಂದು ಅರ್ಥ. ಇಂದಿನ ‘ನೆರವೇರು’ ಎಂಬಲ್ಲಿ ಆ ಧಾತು ಉಳಿದಿದೆ. ನೆಱೆ ಹೋದ ದಾರಿಯಲ್ಲಿ ‘ತುಂಬ’ ಹೋಯಿತು. ಅದೇ ದಾರಿಯಲ್ಲಿ ಈಗ ‘ಫುಲ್’ ಹೋಗುತ್ತಿದೆ. ಶಬ್ದ ಪರಕೀಯ, ಅದರ ನಡೆ ಮಾತ್ರ ನಮ್ಮದು.

ಆದಕಾರಣ ಆಡುಮಾತಿನ ‘ಫುಲ್’ ಕನ್ನಡವನ್ನು ಕೆಡಿಸಿತೆಂದು ನಾವು ಹೇಳಲಾರೆವು. ನಿಜವಾದ ಹಾನಿ ಬೇರೆ ಕಡೆಯಲ್ಲಿದೆ. ಭಾಷಾಂತರ ಮಾಡುವಾಗ ‘ಫುಲ್’ ಎಂದರೆ ‘ಪೂರ್ಣ’ ಎಂದು ಒಂದೇ ಸಮೀಕರಣವನ್ನು ಹಿಡಿದು ಕೆರೆಯನ್ನು ‘ಪೂರ್ಣವಾಗಿದೆ’ ಎಂದೂ, ಕುಟುಂಬವನ್ನು ‘ಪೂರ್ಣ ಕುಟುಂಬ’ ಎಂದೂ ಬರೆಯುವುದುಂಟು. ಶುದ್ಧ ಕನ್ನಡವೆಂದು ತೋರುವ ಈ ಬರವಣಿಗೆಯಲ್ಲಿಯೇ ತುಂಬು, ಪೂರ್ಣ, ಇಡಿ ಎಂಬ ವಿವೇಕವು ಅಳಿಯುತ್ತದೆ. ಬಸ್ಸಿನ ‘ಫುಲ್’ ಈ ವಿವೇಕವನ್ನು ಮರೆಸುವುದಕ್ಕಿಂತ, ಪುಸ್ತಕದ ‘ಪೂರ್ಣ’ ಹೆಚ್ಚಾಗಿ ಮರೆಸುತ್ತದೆ.

ತರಗತಿಯಲ್ಲಿ ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಇಂಗ್ಲಿಷ್ ವಾಕ್ಯವೊಂದರಲ್ಲಿ ‘ಫುಲ್’ ಬಂದಾಗ ಅಧ್ಯಾಪಕರು ಅದರ ಅರ್ಥವನ್ನು ಹೇಳಿಕೊಡುವ ಬದಲು ಅದರ ವಿರುದ್ಧಪದವನ್ನು ಕೇಳಲಿ. ಬರಿದೋ, ಅರ್ಧವೋ, ಬಿಡಿಯೋ? ಉತ್ತರ ದೊರೆತೊಡನೆ ತಕ್ಕ ಕನ್ನಡ ಪದವು ವಿದ್ಯಾರ್ಥಿಯ ನಾಲಗೆಗೆ ತಾನಾಗಿ ಬರುತ್ತದೆ. ಏಕೆಂದರೆ ಆ ಪದವನ್ನು ಅವನು ಮನೆಯಲ್ಲಿ ಆಗಲೇ ಕಲಿತಿರುತ್ತಾನೆ.