ಎಂಟರ ಲೆಕ್ಕ ತಪ್ಪದ ಫ್ಲೂ ವೈರಸ್

ಫ್ಲೂ ವೈರಸ್ಸಿನ ಆನುವಂಶಿಕ ಮಾಹಿತಿ ಒಂದೇ ಎಳೆಯಲ್ಲಿಲ್ಲ. ಇನ್‌ಫ್ಲುಯೆಂಜಾ ‘ಎ’ಯಲ್ಲಿ ಅದು ಎಂಟು ಆರ್‌ಎನ್‌ಎ ತುಣುಕುಗಳಲ್ಲಿ ಹಂಚಿಹೋಗಿದೆ, ಎಲ್ಲ ಸೇರಿಸಿದರೆ ಸುಮಾರು 13,500 ಅಕ್ಷರ, ಅಷ್ಟೆ. ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಪ್ರೋಟೀನಿನ ವಿವರ ಒಂದರಲ್ಲಿದ್ದರೆ, ಹುಟ್ಟಿದ ವೈರಸ್ ಕೋಶದಿಂದ ಕಳಚಿಕೊಳ್ಳಲು ಬೇಕಾದ ಪ್ರೋಟೀನಿನದು ಮತ್ತೊಂದರಲ್ಲಿ. ಎಂಟರಲ್ಲಿ ಒಂದು ಬಿಟ್ಟುಹೋದರೂ ಆ ಕಣ ಒಂಟಿಯಾಗಿ ಸೋಂಕನ್ನು ಮುಂದುವರಿಸಲಾರದು.

ಹಾಗಿದ್ದರೆ ಪ್ರತಿ ಕಣದೊಳಗೂ ಎಂಟು ಬಗೆಯವು ಸರಿಯಾಗಿ ಸೇರುವುದು ಹೇಗೆ? ಕೋಶದಲ್ಲಿ ತುಣುಕುಗಳ ರಾಶಿಯೇ ಬಿದ್ದಿರುತ್ತದೆ. ಕಣ್ಣುಮುಚ್ಚಿ ಎಂಟನ್ನು ಬಾಚಿಕೊಂಡರೆ ಎಂಟೂ ಬೇರೆಬೇರೆ ಬಗೆಯವೇ ಆಗಿರುವ ಸಾಧ್ಯತೆ 400ಕ್ಕೆ ಒಂದೂ ಇಲ್ಲ. 2006ರಲ್ಲಿ ಜಪಾನಿನ ತಕೇಶಿ ನೋಡಾ, ಯೋಶಿಹಿರೊ ಕವಾಒಕ ಮತ್ತು ಸಂಗಡಿಗರು ಆಗಷ್ಟೇ ಮೊಳೆಯುತ್ತಿದ್ದ ವೈರಸ್ ಕಣಗಳನ್ನು ಅಡ್ಡಲಾಗಿ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. ಕಂಡದ್ದು ನಡುವೆ ಒಂದು ಚುಕ್ಕೆ, ಸುತ್ತ ಏಳು; ಒಂದೊಂದು ಚುಕ್ಕೆಯೂ ಒಂದು ತುಣುಕು. ವೈರಸ್ ಬಾಚಿಕೊಳ್ಳುತ್ತಿರಲಿಲ್ಲ, ಜೋಡಿಸಿಕೊಳ್ಳುತ್ತಿತ್ತು.

ಈ ಶಿಸ್ತು ಎಷ್ಟು ಹಟಮಾರಿ ಎಂಬುದು ನೋಡಾ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಯಲಾಯಿತು. ಬೇಕೆಂದೇ ಒಂದು ತುಣುಕನ್ನು ತೆಗೆದುಹಾಕಿದ ವೈರಸ್ಸಿನಲ್ಲೂ ಎಂಟು ಚುಕ್ಕೆಗಳಿದ್ದವು! ಖಾಲಿ ಜಾಗಕ್ಕೆ ಅದು ಆತಿಥೇಯ ಕೋಶದ ರೈಬೋಸೋಮಿನ ಆರ್‌ಎನ್‌ಎಯನ್ನೇ ಎಳೆದುಕೊಂಡಿತ್ತು.

ಹೀಗೆ ಬೇಕಾದ ತುಣುಕನ್ನು ತೆಗೆದು, ತಿದ್ದಿ ನೋಡುವ ಕೈಚಳಕ ಫ್ಲೂ ವಿಜ್ಞಾನಿಗಳಿಗೆ ಪೂರ್ತಿಯಾಗಿ ಒಲಿದದ್ದು 1999ರಲ್ಲಿ. ತುಣುಕುಗಳ ಡಿಎನ್‌ಎ ಪ್ರತಿಯನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳಲ್ಲಿ ಕೂರಿಸಿ ಕೋಶಕ್ಕೆ ಸೇರಿಸಿದರೆ ಜೀವಂತ ವೈರಸ್ ಹೊರಬರುತ್ತದೆಂದು ಆ ವರ್ಷ ಎರಡು ತಂಡಗಳು ತೋರಿಸಿದವು. ಹಕ್ಕಿಜ್ವರದ ಎಚ್‌5ಎನ್‌1 ವೈರಸ್ಸಿನ ಮಾರಕ ಭಾಗವನ್ನು ಕತ್ತರಿಸಿ, ಲಸಿಕೆಗಾಗಿ ಕೋಳಿಮೊಟ್ಟೆಯಲ್ಲಿ ಬೆಳೆಸಲು ಸಾಧ್ಯವಾದದ್ದೂ ಇದೇ ವಿಧಾನದಿಂದ.

ತುಣುಕುಗಳಾಗಿರುವುದರಲ್ಲೇ ಅಪಾಯವೂ ಇದೆ. ಒಂದೇ ಕೋಶಕ್ಕೆ ಎರಡು ಬಗೆಯ ಫ್ಲೂ ನುಗ್ಗಿದರೆ ತುಣುಕುಗಳು ಅದಲುಬದಲಾಗಿ, ಲೆಕ್ಕದ ಪ್ರಕಾರ 256 ಜೋಡಣೆಗಳು ಸಾಧ್ಯ. 1957ರ ಮಹಾಸೋಂಕಿನ ವೈರಸ್ಸಿಗೆ ಮೂರು ತುಣುಕು ಬಂದದ್ದು ಹಕ್ಕಿಗಳ ಫ್ಲೂನಿಂದ.

ನ್ಯೂಯಾರ್ಕಿನ ಮೌಂಟ್ ಸೈನಾಯ್‌ನಲ್ಲಿ ಪೀಟರ್ ಪಲೇಸಿ ಮತ್ತು ಚಿನ್‌ಶಾನ್ ಗಾವೊ ಕೈಹಾಕಿದ್ದು ಇಲ್ಲಿಗೇ. ಪ್ರತಿ ತುಣುಕಿನ ಎರಡೂ ತುದಿಗಳಲ್ಲಿ ‘ನನ್ನ ಜಾಗ ಇದು’ ಎಂದು ಸಾರುವ ಗುರುತುಗಳಿವೆ. ಅವರು ಎರಡು ತುಣುಕುಗಳ ಗುರುತುಗಳನ್ನು ಪರಸ್ಪರ ಬದಲಿಸಿದರು. ಹಳೆಯ ಗುರುತುಗಳನ್ನು ಪ್ರೋಟೀನ್ ಕೆಡದಂತೆ ಅಳಿಸಿದರು. ತಿದ್ದಿದ ವೈರಸ್ ಬೆಳೆಯಿತು. ಆದರೆ ಆ ಎರಡು ತುಣುಕುಗಳನ್ನು ಹೊರಗಿನ ಫ್ಲೂ ಜತೆ ಬಿಡಿಯಾಗಿ ವಿನಿಮಯ ಮಾಡಿಕೊಳ್ಳಲಾಗಲಿಲ್ಲ. ಬೇರೊಬ್ಬರ ತುಣುಕು ಬಂದರೆ ಒಂದು ಜಾಗಕ್ಕೆ ಇಬ್ಬರು, ಇನ್ನೊಂದು ಜಾಗ ಖಾಲಿ. ಇದು 2009ರ ಮಾತು. ಜೀವಂತ ಫ್ಲೂ ಲಸಿಕೆಯ ವೈರಸ್ ಊರಿನ ವೈರಸ್ಸಿನೊಂದಿಗೆ ಬೆರೆತರೆ ಎಂಬ ಹಳೆಯ ಅಂಜಿಕೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಂಡಿಲ್ಲ.

2011ರ ಕೊನೆಯಲ್ಲಿ ಎಚ್‌5ಎನ್‌1 ಅನ್ನು ಫೆರೆಟ್‌ಗಳ ನಡುವೆ ಗಾಳಿಯಲ್ಲಿ ಹರಡುವಂತೆ ಮಾಡಿದ ಪ್ರಯೋಗಗಳು ಜಗತ್ತನ್ನು ಬೆಚ್ಚಿಬೀಳಿಸಿದವು. ಅಂಥ ಸಂಶೋಧನೆಗೆ ವರ್ಷ ಕಾಲ ತಡೆಯೂ ಬಿತ್ತು. ಆ ಭಯ ನ್ಯಾಯವಾದದ್ದೇ. ಆದರೆ ವೈರಸ್ಸಿನ ಹಾರಾಟಕ್ಕೆ ಕಡಿವಾಣ ಹಾಕುವ ಗಾವೊ–ಪಲೇಸಿ ಬಗೆಯ ಕೆಲಸವನ್ನೂ ಅದರೊಂದಿಗೇ ಅನುಮಾನದಿಂದ ನೋಡುವುದು ಸರಿಯಲ್ಲ.