ನಿಮಗಿದು ಗೊತ್ತೇ? ಗಾಜು ಒರೆಸುವವರ ಏಣಿ, ಬಳ್ಳಾರಿಯ ಗಾಳಿ

ಗಾಳಿಗೂ ತೂಕವಿದೆ! ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದರ ಗಾಳಿಯನ್ನೆಲ್ಲ ಹಿಡಿದು ತಕ್ಕಡಿಗೆ ಹಾಕಿ. ಸುಮಾರು 30 ಕಿಲೋ ತೂಗುತ್ತದೆ! ಬಳ್ಳಾರಿಯ ಶೋರೂಮಿನ ಗಾಜು ಒರೆಸಲು ಏಣಿ ಹತ್ತಿದವರ ಬೆನ್ನಿಗೆ ಬಂದು ಬಡಿಯುವುದು ಈ ತೂಕದ ಗಾಳಿಯೇ.

ಈಗ ಇನ್ನೊಂದು ಕೇಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತು ಎಷ್ಟಾಗುತ್ತದೆ? ಎರಡು ಪಟ್ಟು ಅಂದಿರಾ? ಅಲ್ಲ, ನಾಲ್ಕು ಪಟ್ಟು! ಗಂಟೆಗೆ 36 ಕಿ.ಮೀ. ಗಾಳಿ ಒಂದು ಚದರ ಮೀಟರ್ ಜಾಗವನ್ನು ಸುಮಾರು 6 ಕಿಲೋ ಭಾರದಷ್ಟು ನೂಕುತ್ತದೆ. ಅದೇ ಗಾಳಿ 72 ಕಿ.ಮೀ. ಆಯಿತೆನ್ನಿ, ಒತ್ತು 24 ಕಿಲೋಗೆ ಏರುತ್ತದೆ. ಸಿರುಗುಪ್ಪದ ಅಕ್ಕಿ ಮೂಟೆಯೊಂದನ್ನು ಯಾರೋ ಪಕ್ಕದಿಂದ ನಿಮ್ಮ ಮೇಲೆ ಒರಗಿಸಿದ ಹಾಗೆ!

ಗಾಳಿಗೆ ಎದುರಾಗುವ ಒಬ್ಬ ಮನುಷ್ಯನ ಮೈ ಒಂದು ಚದರ ಮೀಟರ್ ಕೂಡ ಆಗುವುದಿಲ್ಲ. ಆದರೆ ಫ್ಲೆಕ್ಸ್ ಬೋರ್ಡು? ಹತ್ತಡಿಗೆ ನಾಲ್ಕಡಿಯ ಬೋರ್ಡನ್ನು ಗಂಟೆಗೆ 36 ಕಿ.ಮೀ. ಗಾಳಿ 22 ಕಿಲೋ ಭಾರದಷ್ಟು ನೂಕುತ್ತದೆ. ಅದನ್ನು ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಿಡಿಯುವವರನ್ನು ನೀವೂ ನೋಡಿರುತ್ತೀರಿ. ಎದೆ ಝಲ್ ಎನ್ನುವುದಿಲ್ಲವೇ?

ಕೆಳಗೆ ನಿಂತಾಗ ಇಲ್ಲದ ಗಾಳಿ ಮೇಲೆ ಹತ್ತಿದಾಗ ಇರುತ್ತದೆ. ಅದು ಭ್ರಮೆಯಲ್ಲ! ನೆಲ, ಗಿಡ, ಗೋಡೆಗೆ ಉಜ್ಜಿಕೊಂಡು ಬರುವ ಗಾಳಿ ನೆಲದ ಹತ್ತಿರ ನಿಧಾನವಾಗುತ್ತದೆ. ಬಯಲಿನಲ್ಲಿ ಎರಡು ಮೀಟರ್ ಎತ್ತರದಿಂದ ಹತ್ತು ಮೀಟರ್ ಎತ್ತರಕ್ಕೆ ಹೋದರೆ ವೇಗ ಸುಮಾರು ಕಾಲು ಭಾಗ ಹೆಚ್ಚುತ್ತದೆ. ಆಗ ಒತ್ತು ಎಷ್ಟು ಹೆಚ್ಚುತ್ತದೆ ಗೊತ್ತೇ? ಅರ್ಧಕ್ಕಿಂತ ಜಾಸ್ತಿ! ಕೆಳಗಿದ್ದವರು "ಗಾಳೀನೇ ಇಲ್ಲ, ಹತ್ತಣ್ಣಾ" ಅಂದರೆ ಅವರು ಹೇಳಿದ್ದು ಅವರ ತಲೆಯ ಮಟ್ಟದ ಮಾತು.

ಕಟ್ಟಡದ ಮೂಲೆಯಲ್ಲಿ ಇನ್ನೂ ಮೋಜಿದೆ. ಗೋಡೆಗೆ ಬಡಿದ ಗಾಳಿಗೆ ದಾರಿ ಬೇಕು. ಅದು ಮೂಲೆಯಿಂದ ಸುತ್ತಿಕೊಂಡು ಇನ್ನೂ ಜೋರಾಗಿ ಹೊರಡುತ್ತದೆ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲೂ ಅಷ್ಟೇ. ಒಂದೇ ಅಂಗಡಿ, ಒಂದೇ ಗಾಜು, ಮಧ್ಯದಲ್ಲಿ ಶಾಂತ, ಮೂಲೆಯಲ್ಲಿ ಬಿರುಸು!

ಆಷಾಢದಲ್ಲಿ ಬಳ್ಳಾರಿಗೆ ಮಳೆ ಬರುವುದಕ್ಕಿಂತ ಗಾಳಿ ಬರುವುದೇ ಹೆಚ್ಚು. ಯಾಕೆ? ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮಾರುತ ತನ್ನ ನೀರಿನ ಬಹುಪಾಲನ್ನು ಪಶ್ಚಿಮಘಟ್ಟದಲ್ಲೇ ಸುರಿದುಬಿಡುತ್ತದೆ. ಘಟ್ಟ ದಾಟಿ ಬಯಲುಸೀಮೆಗೆ ಬರುವಾಗ ಉಳಿದಿರುವುದು ಹೆಚ್ಚಾಗಿ ಬೀಸು ಮಾತ್ರ. ಈ ಮಾರುತದ ಅತಿ ವೇಗದ ಪಟ್ಟಿ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ ಹರಿಯುತ್ತದೆ. ಅಂದರೆ ನಿಮ್ಮ ತಲೆಯ ಮೇಲೆ ಕಣ್ಣಿಗೆ ಕಾಣದ ಗಾಳಿಹೊಳೆ!

ಇದೇ ಗಾಳಿ ಮರಳುಗುಡ್ಡ ಕಟ್ಟಿದೆ ಎಂದರೆ ನಂಬುತ್ತೀರಾ? ರಾಜಸ್ಥಾನದಲ್ಲಿ ಅಲ್ಲ, ಇಲ್ಲೇ ಪಕ್ಕದಲ್ಲಿ! ಬಳ್ಳಾರಿ, ಸಿರುಗುಪ್ಪ ಸೀಮೆಯಲ್ಲಿ ಹರಿದು ತುಂಗಭದ್ರೆಯನ್ನು ಸೇರುವ ಹಗರಿ ನದಿ, ಅಂದರೆ ವೇದಾವತಿ, ಬೇಸಿಗೆಯಲ್ಲಿ ಬರೀ ಮರಳಿನ ಹಾಸು. ಗಡಿಯಾಚೆ ಅನಂತಪುರ ಜಿಲ್ಲೆಯ ಕಣೇಕಲ್ಲಿನ ಸುತ್ತ ಈ ನದಿಯ ಮರಳು ಗಾಳಿಗೆ ಹಾರಿ ಹಾರಿ ದಿಬ್ಬಗಳಾಗಿ ಹೊಲಗಳ ಕಡೆ ಸರಿದಿದೆ. ಹೊಳೆಯ ಮರಳನ್ನು ಎತ್ತಿ ಒಯ್ಯುವ ಗಾಳಿಗೆ ಖಾಲಿ ಅಲ್ಯೂಮಿನಿಯಂ ಏಣಿ ಯಾವ ಲೆಕ್ಕ? ಚಹಾ ಕುಡಿಯಲು ಇಳಿದಾಗ ಏಣಿಯನ್ನು ಗೋಡೆಗೆ ಒರಗಿಸಿ ಬಿಟ್ಟು ಹೋಗಲೇಬೇಡಿ. ಮಲಗಿಸಿ ಹೋಗಿ. ಕೆಳಗೆ ಓಡಾಡುವ ಮಕ್ಕಳಿಗಾಗಿಯಾದರೂ!

ಬಳ್ಳಾರಿಯ ದೂಳಿಗೆ ಗಾಜನ್ನು ಗೀರುವ ಶಕ್ತಿಯಿದೆ! ಆ ದೂಳಿಗೆ ಬೆರೆಯುವ ಸಂಡೂರು ಸೀಮೆಯ ಕೆಂಪು ಅದಿರು ಹೆಮಟೈಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕಿಟಕಿ ಗಾಜು ಸುಮಾರು 5.5. ಹೆಮಟೈಟ್ 5.5ರಿಂದ 6.5. ಮರಳಿನ ಕ್ವಾರ್ಟ್ಜ್ ಅಂತೂ 7! ಒಣಬಟ್ಟೆ ಹಿಡಿದು ಗಸಗಸ ಉಜ್ಜಿದರೆ ದೂಳು ಹೋಗುತ್ತದೆ, ಗೀರು ಉಳಿಯುತ್ತದೆ. ಮೊದಲು ನೀರು, ಆಮೇಲೆ ಬಟ್ಟೆ.

ಇನ್ನೊಂದು ಸ್ವಾರಸ್ಯ. ಗಾಜು ಒರೆಸಲು ಅತ್ಯುತ್ತಮ ಹೊತ್ತು ಯಾವುದು? ಮುಂಜಾನೆ! ಬಿಸಿಲೇರಿದಂತೆ ನೆಲ ಕಾಯುತ್ತದೆ, ಮೇಲಿನ ವೇಗದ ಗಾಳಿ ಕೆಳಗಿನ ಗಾಳಿಯೊಡನೆ ಬೆರೆಯುತ್ತದೆ, ಮಧ್ಯಾಹ್ನಕ್ಕೆ ಬೀಸು ಜೋರಾಗುತ್ತದೆ. ಬೆಳಿಗ್ಗೆ ಆ ಕಾಟ ಕಡಿಮೆ. ಗಾಜೂ ತಣ್ಣಗಿರುತ್ತದೆ, ಸೋಪಿನ ನೀರು ಒರೆಸುವ ಮೊದಲೇ ಒಣಗಿ ಗೆರೆ ಬೀಳುವುದಿಲ್ಲ. ಏಣಿಗೂ ಕ್ಷೇಮ, ಗಾಜಿಗೂ ಹೊಳಪು. ಒಂದೇ ಕಲ್ಲಿಗೆ ಎರಡು ಹಕ್ಕಿ!

ಬೇಸಿಗೆಯ ಮಧ್ಯಾಹ್ನ ಖಾಲಿ ಮೈದಾನದಲ್ಲಿ ದೂಳು ಗಿರಗಿರ ಸುತ್ತಿ ಕಂಬದಂತೆ ಏಳುತ್ತದಲ್ಲ, ಆ ಸುಳಿಗಾಳಿಗೆ ಮೋಡವೇ ಬೇಡ! ಕಾದ ನೆಲ, ತಿಳಿ ಆಕಾಶ ಇದ್ದರೆ ಸಾಕು. ಆದ್ದರಿಂದ "ಮೋಡ ಇಲ್ಲ, ಗಾಳಿ ಬರಲ್ಲ" ಎಂಬ ಧೈರ್ಯಕ್ಕೆ ಬಳ್ಳಾರಿಯಲ್ಲಿ ಬೆಲೆಯಿಲ್ಲ.

ಮಳೆ ಬರುವ ಮುನ್ನ ಮಣ್ಣಿನ ವಾಸನೆ ಏಕೆ ಬರುತ್ತದೆ? ದೂರದಲ್ಲಿ ಆಗಲೇ ಮಳೆ ಬಿದ್ದಿರುತ್ತದೆ. ಗುಡುಗು ಮೋಡದಿಂದ ತಣ್ಣನೆಯ ಭಾರದ ಗಾಳಿ ಧುಮುಕಿ, ನೆಲಕ್ಕೆ ಬಡಿದು, ನಾಲ್ಕೂ ಕಡೆ ಓಡುತ್ತದೆ. ಆ ವಾಸನೆಯನ್ನು ಹೊತ್ತು ತರುವುದು ಅದೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ದಿಢೀರನೆ ಏರಿ, ಗಂಟೆಗೆ 40 ಕಿ.ಮೀ. ಮುಟ್ಟಿ, ಕನಿಷ್ಠ ಒಂದು ನಿಮಿಷ ನಿಂತರೆ ಅದು ಬಿರುಗಾಳಿ. ಮೇ ತಿಂಗಳ ಸಂಜೆ ಏಣಿಯ ಮೇಲಿದ್ದಾಗ ಮಣ್ಣಿನ ಘಮ ಮೂಗಿಗೆ ತಾಗಿತೇ? ಆ ಗಾಳಿ ಹತ್ತಿರ ಬಂದಾಯಿತು, ಇಳಿಯಿರಿ!

ಗಾಳಿ ಅಳೆಯಲು ಯಂತ್ರವೇ ಬೇಕಿಲ್ಲ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಹಡಗಿನ ಹಾಯಿಯನ್ನು ನೋಡಿಯೇ ಗಾಳಿಗೆ ಅಂಕ ಕೊಡುವ ಮಾಪಕ ಮಾಡಿದ. ಮುಂದೆ ಅದಕ್ಕೆ ನೆಲದ ಗುರುತುಗಳೂ ಸೇರಿದವು. ಎಲೆಗಳು ಬಿಡದೆ ಅಲುಗಿದರೆ ಮೂರು. ದೂಳು, ಕಾಗದದ ಚೂರು ಮೇಲೆದ್ದರೆ ನಾಲ್ಕು, ಗಂಟೆಗೆ 20ರಿಂದ 28 ಕಿ.ಮೀ. ಸಣ್ಣ ಮರಗಳು ತೂಗಿದರೆ ಐದು. ಕರೆಂಟಿನ ತಂತಿ ಶಿಳ್ಳೆ ಹೊಡೆದರೆ, ಛತ್ರಿ ಹಿಡಿಯುವುದು ಕಷ್ಟವಾದರೆ ಆರು, ಅಂದರೆ 39ರಿಂದ 49 ಕಿ.ಮೀ. ನನ್ನನ್ನು ಕೇಳಿದರೆ ದೂಳು ಎದ್ದ ಹೊತ್ತಿಗೇ ಏಣಿಯ ಕೆಲಸ ನಿಲ್ಲಬೇಕು. ಶಿಳ್ಳೆ ಕೇಳುವವರೆಗೆ ಕಾಯುವುದು ಅತಿಯಾಯಿತು!

ಗಾಳಿಯನ್ನೇ ನಂಬಿ ಬದುಕುವ ಯಂತ್ರಕ್ಕೂ ಗಾಳಿಯ ಭಯವಿದೆ. ಗದಗಿನ ಕಪ್ಪತಗುಡ್ಡದಲ್ಲಿ, ಚಿತ್ರದುರ್ಗದ ಗುಡ್ಡಗಳಲ್ಲಿ ತಿರುಗುವಂಥ ದೊಡ್ಡ ಗಾಳಿಯಂತ್ರಗಳು ಸಾಮಾನ್ಯವಾಗಿ ಗಂಟೆಗೆ 90 ಕಿ.ಮೀ. ಹೊತ್ತಿಗೆ ತಾವಾಗಿಯೇ ನಿಂತುಬಿಡುತ್ತವೆ. ಉಕ್ಕಿನ ಕಂಬಕ್ಕೇ ರಜೆ ಬೇಕು!

ಈಗ ಏಣಿಯ ಬುಡಕ್ಕೆ ಬನ್ನಿ. ಏಣಿ ಎಷ್ಟು ವಾರೆ ಇರಬೇಕು? ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ. ಹನ್ನೆರಡು ಅಡಿ ಎತ್ತರದಲ್ಲಿ ಒರಗುವ ಏಣಿಯ ಬುಡ ಗೋಡೆಯಿಂದ ಮೂರು ಅಡಿಗಿರಬೇಕು. ಅಳತೆ ಟೇಪು ಬೇಡ, ನಿಮ್ಮ ಮೈಯೇ ಟೇಪು! ಕಾಲ ಬೆರಳನ್ನು ಏಣಿಯ ಬುಡಕ್ಕೆ ತಾಗಿಸಿ ನೆಟ್ಟಗೆ ನಿಂತು, ಕೈಗಳನ್ನು ಹೆಗಲ ಮಟ್ಟಕ್ಕೆ ಚಾಚಿ. ಅಂಗೈ ಏಣಿಗೆ ಸರಿಯಾಗಿ ತಾಗಿತೇ? ಕೋನ ಸರಿಯಿದೆ!

ಬುಡದ ನೆಲ ಮೂರು ಊರಲ್ಲಿ ಮೂರು ಥರ. ಬಳ್ಳಾರಿ ಪೇಟೆಯಲ್ಲಿ ನುಣುಪು ಟೈಲ್ಸು, ಅದರ ಮೇಲೆ ಚೆಲ್ಲಿದ ಸೋಪಿನ ನೀರು. ಸಿರುಗುಪ್ಪದಲ್ಲಿ ಎರೆಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಬೆಳಿಗ್ಗೆ ಮಟ್ಟವಾಗಿ ನಿಂತ ಏಣಿಯ ಒಂದು ಕಾಲು ಹಸಿ ಎರೆಯಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ಕೆಳಗೆ ಅಗಲವಾದ ಹಲಗೆ ಹಾಕಿದರೆ ಭಾರ ಹರಡಿ, ಏಣಿ ನಿಲ್ಲುತ್ತದೆ. ಕುರುಗೋಡಿನಲ್ಲಿ ಕಲ್ಲುಬಂಡೆ. ಈ ಸೀಮೆಯ ಗ್ರಾನೈಟ್ ಗುಡ್ಡಗಳ ವಯಸ್ಸು ಸುಮಾರು 250 ಕೋಟಿ ವರ್ಷ! ಅಷ್ಟು ಹಳೆಯ ಬಂಡೆ ಕುಸಿಯದು, ನಿಜ. ಆದರೆ ಇಳಿಜಾರಿನಲ್ಲಿ ಏಣಿಯನ್ನು ಜಾರಿಸುತ್ತದೆ!

ಒಬ್ಬರು ಕೆಳಗೆ ನಿಂತು ಏಣಿ ಹಿಡಿದರೆ ಸಾಕೇ? ಸಾಲದು! ಗಾಳಿ ತುದಿಯನ್ನು ನೂಕುತ್ತದೆ, ಹಿಡಿದ ಕೈ ಬುಡದಲ್ಲಿರುತ್ತದೆ. ತುದಿಯನ್ನು ಗಟ್ಟಿಯಾದ ಜಾಗಕ್ಕೆ ಹಗ್ಗದಿಂದ ಕಟ್ಟಿದರೆ ಅದರ ಬಲವೇ ಬೇರೆ. ಹತ್ತಿದವರು ಹೊಕ್ಕುಳನ್ನು ಏಣಿಯ ಎರಡು ಕಂಬಗಳ ನಡುವೆಯೇ ಇಟ್ಟುಕೊಳ್ಳಬೇಕು. ಹೊಕ್ಕುಳು ಹೊರಗೆ ಬಂದರೆ ಏಣಿಯೂ ಬರುತ್ತದೆ!

ಮೂರು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಎಷ್ಟು ಹೊತ್ತು? ಒಂದು ಸೆಕೆಂಡೂ ಇಲ್ಲ! ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 28 ಕಿ.ಮೀ. "ಒಂದೇ ಮಹಡಿ ತಾನೇ" ಎನ್ನುವ ಮಾಲೀಕರು ಈ ಲೆಕ್ಕವನ್ನು ಒಮ್ಮೆ ಓದಲಿ ಎಂದು ನನಗೆ ಬಹಳ ಆಸೆ.

ಅಲ್ಯೂಮಿನಿಯಂ ಏಣಿ ಒಳ್ಳೆಯ ವಿದ್ಯುತ್ ವಾಹಕ. ಪೇಟೆಯ ಬೀದಿಗಳಲ್ಲಿ ಅಂಗಡಿಯ ಮುಂದೆಯೇ ಹಾದುಹೋಗುವ ಹೈಟೆನ್ಷನ್ ತಂತಿ 11 ಸಾವಿರ ವೋಲ್ಟಿನದ್ದಿರಬಹುದು. ಅಷ್ಟು ವೋಲ್ಟೇಜಿನಲ್ಲಿ ತಂತಿಯನ್ನು ಮುಟ್ಟಲೇಬೇಕಿಲ್ಲ, ತೀರಾ ಹತ್ತಿರ ಹೋದರೂ ಕರೆಂಟು ಹಾರುತ್ತದೆ! ಗಾಳಿಗೆ ತಂತಿ ತೂಗಿದರಂತೂ ದೂರ ಇನ್ನೂ ಕಡಿಮೆ.

ಏಣಿಯೇ ಬೇಡದ ದಾರಿಯೂ ಇದೆ! ಉದ್ದನೆಯ ಕೋಲಿನ ತುದಿಗೆ ಬ್ರಷ್, ಒಳಗೆ ಪೈಪು. ನೆಲದ ಮೇಲೆ ನಿಂತೇ ಹಲವು ಮಹಡಿಗಳ ಗಾಜು ತೊಳೆಯಬಹುದು. ವಿಚಿತ್ರವೆಂದರೆ ಇದಕ್ಕೆ ಒರೆಸುವ ಕೆಲಸವೇ ಇಲ್ಲ! ಲವಣವೆಲ್ಲ ತೆಗೆದ ಶುದ್ಧ ನೀರು ಒಣಗಿದಾಗ ಕಲೆಯೇ ಉಳಿಯುವುದಿಲ್ಲ. ಗಾಜಿನ ಮೇಲಿನ ಬಿಳಿ ಚುಕ್ಕೆಗಳು ಬೋರ್‌ವೆಲ್ಲಿನ ಗಡಸು ನೀರಿನ ಉಡುಗೊರೆ. ಆದರೆ ಹುಷಾರು, ಆ ಕೋಲು ಕಾರ್ಬನ್ ಫೈಬರಿನದ್ದಾದರೆ ಅದೂ ಕರೆಂಟು ಹರಿಸುತ್ತದೆ!

ಗಾಜು ಒರೆಸುವ ರಬ್ಬರ್ ವೈಪರಿಗೆ ಈಗಿನ ಹಗುರ ರೂಪ ಕೊಟ್ಟವರು ಎತ್ತೋರೆ ಸ್ತೆಕ್ಕೋನೆ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಅವರು ಸ್ವತಃ ಗಾಜು ಒರೆಸುವ ಕೆಲಸಗಾರರು! ಅದು 1936ರ ಮಾತು.

ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾದಲ್ಲಿ 24 ಸಾವಿರಕ್ಕೂ ಹೆಚ್ಚು ಕಿಟಕಿ ಗಾಜುಗಳಿವೆ. ಒಂದು ಸುತ್ತು ಒರೆಸಿ ಮುಗಿಸಲು ತಿಂಗಳುಗಳೇ ಬೇಕು. ಮುಗಿಯುವಷ್ಟರಲ್ಲಿ ಮೊದಲ ಗಾಜಿಗೆ ಮತ್ತೆ ದೂಳು!

ಜಗತ್ತಿನಲ್ಲೇ ವೇಗವಾಗಿ ಕಿಟಕಿ ಒರೆಸಿದ ಗಿನ್ನೆಸ್ ದಾಖಲೆ ಬ್ರಿಟನ್ನಿನ ಟೆರಿ ಬರ್ರೋಸ್ ಅವರದು. 2009ರಲ್ಲಿ ಅವರು ಮೂರು ಗಾಜುಗಳನ್ನು ಒರೆಸಿದ್ದು ಬರೀ 9.14 ಸೆಕೆಂಡುಗಳಲ್ಲಿ. ಒಂದೊಂದು ಗಾಜೂ ನಾಲ್ಕಡಿಗೆ ತುಸು ಕಮ್ಮಿ ಉದ್ದ, ಅಷ್ಟೇ ಅಗಲ! ಅಷ್ಟು ಅವಸರ ಮಾಡಿಯೂ ಅವರು ಕ್ಷೇಮ. ಏಕೆಂದರೆ ಅವರ ಎರಡೂ ಕಾಲು ನೆಲದ ಮೇಲಿದ್ದವು!