ಬೇಸಾಯಗಾರರ ಮೇಲ್ಬೆನ್ನೂ ಭುಜಗಳೂ

ನಾಟಿಯೂ ಕಳೆಯೂ ಮುಗಿಯುವ ವೇಳೆಗೆ ಭುಜದ ನೋವು, ಕತ್ತಿನ ಬಿಗಿತಗಳು ಹಲವರನ್ನು ಬಾಧಿಸುವುದುಂಟು. ಇದನ್ನು ವಾಯುವೆಂದೋ ವಯೋಧರ್ಮವೆಂದೋ ಹೇಳಿ, ಎಣ್ಣೆ ತಿಕ್ಕಿಸಿ ಸುಮ್ಮನಾಗುವುದೇ ವಾಡಿಕೆ. ಎತ್ತಿನ ಹೆಗಲು ಬಾತರೆ ಕೂಡಲೇ ನೊಗವನ್ನು ಪರೀಕ್ಷಿಸುವ ಜಮೀನುದಾರರು, ಆಳಿನ ಹೆಗಲು ನೊಂದಾಗ ಗುದ್ದಲಿಯ ಕಾವನ್ನು ಪರೀಕ್ಷಿಸುವುದು ಅಪೂರ್ವ.

ಬೆನ್ನಿನ ಮೇಲ್ಭಾಗದ ಎರಡು ಪಕ್ಕಗಳಲ್ಲಿಯೂ ತ್ರಿಕೋಣಾಕಾರದ ಒಂದೊಂದು ಹಲಗೆಮೂಳೆಯಿರುವುದು. ತೋಳು ಕೂಡಿಕೊಂಡಿರುವುದು ಇದರಲ್ಲಿಯೇ. ಆದರೆ ಮುಂಡದೊಡನೆ ಇದಕ್ಕಿರುವ ಮೂಳೆಯ ಸಂಬಂಧವು ಮುಂಗಡೆಯ ಕೊರಳೆಲುಬೊಂದೇ. ಉಳಿದಂತೆ ಇದನ್ನು ಸ್ಥಾನದಲ್ಲಿ ಹಿಡಿದಿರತಕ್ಕವು ಬೆನ್ನೆಲುಬಿನಿಂದಲೂ ಪಕ್ಕೆಲುಬುಗಳಿಂದಲೂ ಹೊರಟ ಮಾಂಸಖಂಡಗಳು. ಇವು ದುರ್ಬಲವಾದರೆ, ಅಥವಾ ದಣಿದು ಸೋತರೆ, ಹಲಗೆಮೂಳೆಯು ಮುಂದಕ್ಕೆ ಜಾರುವುದು. ಆಗ ತೋಳನ್ನು ಮೇಲೆತ್ತುವ ಭಾರವೆಲ್ಲವೂ ಭುಜದ ಸಣ್ಣ ಸ್ನಾಯುಗಳ ಮೇಲೆ ಬೀಳುವುದರಿಂದ ನೋವು ಹುಟ್ಟುವ ಸಂಭವವುಂಟು. ಬಗ್ಗುವುದೇ ರೋಗವೆಂದು ಇದರಿಂದ ತಿಳಿಯತಕ್ಕದ್ದಲ್ಲ. ಒಂದೇ ಭಂಗಿಯಲ್ಲಿ ಬಹುಕಾಲ ನಿಲ್ಲುವುದೂ ಶಕ್ತಿಗೆ ಮೀರಿದ ಹೊರೆಯೂ ಕೆಡುಕಿಗೆ ಮೂಲ.

ಗರಡಿಯ ದಂಡವು ಎದೆಯನ್ನೂ ತೋಳನ್ನೂ, ಬಸ್ಕಿಯು ತೊಡೆಯನ್ನೂ ಬಲಪಡಿಸುವುದು. ಮೇಲ್ಬೆನ್ನಿಗೆ ಬೇಕಾದುದು ಎಳೆಯುವ ಕೆಲಸ. ಹಿಂದೆ ಬಾವಿಯ ರಾಟೆಯು ದಿನವೂ ಈ ವ್ಯಾಯಾಮವನ್ನು ಮಾಡಿಸುತ್ತಿತ್ತು. ಪಂಪು ಬಂದ ಮನೆಗಳಲ್ಲಿ ಅದು ತಪ್ಪಿತು. (ನೀರು ಸೇದುವ ಕಷ್ಟ ಹೋದುದಕ್ಕಾಗಿ ಯಾರೂ ವ್ಯಸನಪಡಬೇಕಾಗಿಲ್ಲ.) ಅದರ ಬದಲು, ಸೈಕಲ್ಲಿನ ಹಳೆಯ ಟ್ಯೂಬೊಂದನ್ನು ಎದೆಯ ಮಟ್ಟದಲ್ಲಿ ಗಟ್ಟಿಯಾದ ಕಂಬಕ್ಕೆ ಬಳಸಿ, ಎರಡು ತುದಿಗಳನ್ನೂ ಹಿಡಿದು ನೇರವಾಗಿ ನಿಂತು, ಮೊಣಕೈಗಳು ಪಕ್ಕೆಯನ್ನು ದಾಟುವಂತೆ ನಿಧಾನವಾಗಿ ಹಿಂದಕ್ಕೆಳೆಯಬೇಕು. ಹಲಗೆಮೂಳೆಗಳೆರಡೂ ಒಂದನ್ನೊಂದು ಸಮೀಪಿಸುವಂತಿರಲಿ. ಹೆಗಲು ಕಿವಿಯ ಕಡೆಗೆ ಏರಕೂಡದು. ಬಿಡುವಾಗಲೂ ನಿಧಾನವೇ ಮುಖ್ಯ. 10ರಿಂದ 15 ಸಲ ಎಳೆದು, ಸ್ವಲ್ಪ ವಿಶ್ರಮಿಸಿ, ಹೀಗೆ ಎರಡು ಮೂರು ಆವೃತ್ತಿ ಮಾಡುವುದು. ಚಾಪೆಯ ಮೇಲೆ ಬೋರಲಾಗಿ ಮಲಗಿ, ತೋಳುಗಳನ್ನು ಪಕ್ಕಕ್ಕೆ ಚಾಚಿ, ಹೆಬ್ಬೆರಳು ಮೇಲ್ಮುಖವಾಗಿರುವಂತೆ ನೆಲದಿಂದೆತ್ತಿ ಇಳಿಸುವುದೂ ಒಳ್ಳೆಯದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು ಮಾಡಿದರೆ ಸಾಕು. ಗುಣವು ಸ್ಪಷ್ಟವಾಗಿ ತೋರಲು ಆರರಿಂದ ಹನ್ನೆರಡು ವಾರಗಳು ಹಿಡಿಯುವುದರಿಂದ, ನಾಟಿಗೆ ಎರಡು ಮೂರು ತಿಂಗಳು ಮುಂಚೆಯೇ ಆರಂಭಿಸತಕ್ಕದ್ದು. ದಿನವೆಲ್ಲ ದುಡಿದು ಬಂದವರಿಗೆ ಸುಗ್ಗಿಯ ಸಂಜೆ ಇದನ್ನು ವಿಧಿಸುವುದು ಅವಿವೇಕ.

ವ್ಯಾಯಾಮವೊಂದರಿಂದಲೇ ಎಲ್ಲವೂ ಸರಿಯಾಗದು, ಉಪಕರಣವೂ ತಕ್ಕುದಾಗಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಗಿಡ್ಡ ಕಾವಿನ ಗುದ್ದಲಿಯಿಂದ ಕೂಲಿಯವರು ದಿನವಿಡೀ ಬಗ್ಗಿ ಪೈರನ್ನು ವಿರಳಮಾಡುತ್ತಿದ್ದರು. ಅವರ ಬೆನ್ನು ಕೆಡುವುದೆಂದು ವೈದ್ಯರು ಸಾಕ್ಷ್ಯ ನುಡಿದರು. ಕಾವು ಉದ್ದವಾದರೆ ಕೆಲಸ ಕೆಡುವುದೆಂದು ಬೆಳೆಗಾರರು ವಾದಿಸಿದರು. 1975ರಲ್ಲಿ ಆ ಗುದ್ದಲಿಯು ನಿಷೇಧಿಸಲ್ಪಟ್ಟಿತು. ಉದ್ದ ಕಾವಿನಿಂದಲೇ ಅಲ್ಲಿಯ ಬೇಸಾಯವು ಮುಂದುವರಿಯಿತು. ಸಾಲುನಾಟಿಯ ಗದ್ದೆಗಳಲ್ಲಿ ನಿಂತು ತಳ್ಳುವ ಕಳೆಯಂತ್ರವು ಇದೇ ಉಪಕಾರವನ್ನು ಮಾಡುವುದು.

ಬೆನ್ನಿಗೆ ಹೊರುವ ಸಿಂಪರಣಾಯಂತ್ರದಲ್ಲಿ 16 ಲೀಟರು ದ್ರವವಿದ್ದರೆ, ಯಂತ್ರದ ತೂಕವನ್ನು ಬಿಟ್ಟೇ ಸುಮಾರು 16 ಕಿಲೋಗ್ರಾಂ ಭಾರವಾಗುವುದು. ಪಟ್ಟಿಗಳೆರಡೂ ಅಗಲವಾಗಿಯೂ ಸಮನಾಗಿಯೂ ಇರಬೇಕು. ಅರ್ಧ ತುಂಬಿಸಿ ಎರಡು ಸಲ ಹೊರುವುದು ಲೇಸು. ಮೂಟೆಯ ವಿಷಯದಲ್ಲಿ, ವಯಸ್ಕ ಗಂಡಾಳಿನ ಹೊರೆಯು 55 ಕಿಲೋಗ್ರಾಂ ಮೀರುವಲ್ಲಿ ಅದನ್ನು ತಗ್ಗಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿದೆ. ಹೆಂಗಸರ ಹೊರೆಯು ಇದಕ್ಕಿಂತ ಬಹಳ ಕಡಿಮೆಯಿರಬೇಕೆಂದೂ ಹೇಳಿದೆ.

ಬಿದ್ದ ಮೇಲೆ ತೋಳೆತ್ತಲಾಗದಿದ್ದರೆ, ಕೈ ಜೋಮುಹಿಡಿದು ಬಲಗುಂದಿದರೆ, ಸಿಹಿಮೂತ್ರರೋಗವುಳ್ಳವರ ಭುಜವು ಕ್ರಮೇಣ ಬಿಗಿದುಕೊಂಡರೆ, ವ್ಯಾಯಾಮವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು. ಭುಜದ ನೋವಿನೊಂದಿಗೆ ಎದೆ ಬಿಗಿದು ಬೆವರು ಬಂದರೆ ಅದು ಹೃದಯದ ವಿಕಾರವಿರಬಹುದು. ಅಂಥವರನ್ನು ಎಣ್ಣೆ ತಿಕ್ಕುತ್ತ ಕೂರಿಸದೆ ತತ್‌ಕ್ಷಣವೇ ಆಸ್ಪತ್ರೆಗೆ ಸಾಗಿಸಬೇಕು.